ಕಾಡಾರಂಭ

ಹದಿನಾರು ವರ್ಷ ನಾನು ಕೆಲಸ ಮಾಡಿದ್ದು ನಮ್ಮ ಸೀಮೆಯಲ್ಲಿ ಯಾರೂ ತಿನ್ನದ ಒಂದು ಕಾಯಿಯ ಹಿಂದೆ. ಮಿಡಿಸೌತೆ. ಕಿರುಬೆರಳಿನಷ್ಟು ಇರುವಾಗಲೇ ಕಿತ್ತು, ಉಪ್ಪುನೀರಿನ ಡ್ರಮ್ಮಿಗೆ ತುಂಬಿ ಹಡಗು ಹತ್ತಿಸುವ ಬೆಳೆ ಅದು. ಹಾಸನದ ಹೊರಗಿನ ಒಂದು ಕಂಪನಿ ರೈತರಿಗೆ ಬೀಜ, ದಾರ, ಔಷಧಿ ಕೊಟ್ಟು ಕಾಯಿ ಕೊಳ್ಳುತ್ತಿತ್ತು. ನಾನು ಅದರ ಫೀಲ್ಡ್‌ಮನ್. ಬೆಳಗ್ಗೆ ಹೊಳೆನರಸೀಪುರದ ಮನೆಯಿಂದ ಬೈಕ್ ಹತ್ತಿದರೆ ಅರಕಲಗೂಡು ತಾಲ್ಲೂಕಿನ ಹಳ್ಳಿಗಳು, ವಾರಕ್ಕೊಂದು ದಿನ ಚನ್ನರಾಯಪಟ್ಟಣದ ಕಡೆ.

ಈ ಕಾಯಿಗೆ ಎರಡು ಕೆಟ್ಟ ಗುಣ. ಇವತ್ತು ಬೆಳಗ್ಗೆ ಕೀಳದಿದ್ದರೆ ನಾಳೆಗೆ ಹೆಬ್ಬೆರಳಾಗುತ್ತದೆ, ನಾಡಿದ್ದಿಗೆ ದನದ ಬಾಯಿಗೆ. ಎರಡನೆಯದು, ಕಂಪನಿ ಬೇಡ ಅಂದುಬಿಟ್ಟರೆ ಯಾವ ಸಂತೆಯಲ್ಲೂ ಯಾರೂ ಮೂಸಿ ನೋಡುವುದಿಲ್ಲ. ಬೆಳೆದವರು ಕಂಪನಿಯ ಮುಖವನ್ನೇ ನೋಡಬೇಕು. ಅದು ನನಗೆ ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿದ್ದೂ ಮನೆಮನೆಗೆ ಹೋಗಿ ಬೀಜ ಹಂಚಿದವನು ನಾನೇ.

ಕೆಲವು ವರ್ಷದ ಹಿಂದೆ ಕಂಪನಿಗೆ ಹೊಸದೊಂದು ಕೆಲಸ ಬಂತು. ಕಾಯಿ ಕೊಳ್ಳುವ ಹೊರದೇಶದ ಅಂಗಡಿಯವರು, ಈ ಸೌತೆಕಾಯಿ ಬೆಳೆಯುವ ನೆಲದಿಂದ ಹಸಿರುಮನೆ ಅನಿಲ ಎಷ್ಟು ಹೊರಗೆ ಹೋಗುತ್ತದೆ ಎಂದು ಲೆಕ್ಕ ಕೇಳಿದರು. ಹಾಸನದ ಆಫೀಸಿನಲ್ಲಿ ನಮ್ಮನ್ನು ಕೂರಿಸಿ ಒಂದು ದಿನ ಪಾಠ ಮಾಡಿದರು. ಎಷ್ಟು ಮೂಟೆ ಯೂರಿಯಾ, ಎಷ್ಟು ಗಾಡಿ ಗೊಬ್ಬರ, ಟ್ರ್ಯಾಕ್ಟರಿಗೆ ಎಷ್ಟು ಡೀಸೆಲ್, ಇವೆಲ್ಲ ಸರಿ. ಎಲ್ಲಕ್ಕಿಂತ ಭಾರದ ಪ್ರಶ್ನೆ ಕೊನೆಯದು: ಇಪ್ಪತ್ತು ವರ್ಷದ ಹಿಂದೆ ಈ ಜಮೀನು ಏನಾಗಿತ್ತು? ಆಗ ಕಾಡಾಗಿದ್ದು ಆಮೇಲೆ ಹೊಲವಾಗಿದ್ದರೆ, ಕಡಿದ ಮರಗಳಲ್ಲಿ ಇದ್ದ ಇಂಗಾಲವೆಲ್ಲ ಗಾಳಿಗೆ ಹೋಯಿತು ಎಂದು ಲೆಕ್ಕ. ಅದನ್ನು ಇಪ್ಪತ್ತು ವರ್ಷಕ್ಕೆ ಹಂಚಿ ಇವತ್ತಿನ ಕಾಯಿಯ ತಲೆಗೆ ಕಟ್ಟುತ್ತಾರೆ. ಅಂಥ ನೆಲದ ಕಾಯಿ ಅಂಗಡಿಯವರಿಗೆ ಬೇಡ.

ನನಗೆ ಈ ಮಾತು ತಪ್ಪೆನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಕಾಡು ಕಡಿದವನನ್ನು ಯಾರೋ ಒಬ್ಬರು ಕೇಳಲೇಬೇಕಲ್ಲ. ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿದ ಹೊಲಗಳಿಗೆ ಆ ಫಾರಂನಲ್ಲಿ ಕಾಲಂ ಇದೆಯಾ ಎಂದು ಕೇಳಿ ಪಾಠ ಮಾಡುವವರನ್ನು ಗೋಳು ಹುಯ್ದುಕೊಂಡೆ. ಇರಲಿಲ್ಲ. ಎಲ್ಲರೂ ನಕ್ಕರು, ಟೀ ಬಂತು.

ಹಳ್ಳಿಗಳಲ್ಲಿ ಇದು 'ಗ್ಯಾಸ್ ಸರ್ವೆ' ಆಯಿತು. ಮೊದಲ ದಿನ ಹೆಂಗಸರೆಲ್ಲ ಸಿಲಿಂಡರಿನ ಪುಸ್ತಕ ಹಿಡಿದುಕೊಂಡು ಬಂದು ನಿಂತರು. "ಗ್ಯಾಸ್ ಸಾ ಬಂದವ್ರೆ, ಬಿರ್ನೆ ಬನ್ರೇ" ಎಂದು ಕೂಗುವುದು ಬೀದಿಯ ತುದಿಗೂ ಕೇಳುತ್ತಿತ್ತು. ಇದು ಆ ಗ್ಯಾಸಲ್ಲ, ಗೊಬ್ಬರದಿಂದ ಏಳುವ ಗ್ಯಾಸು ಎಂದರೆ ಒಬ್ಬಾಕೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾ ಮನೆಯೊಳಗೆ ಓಡಿದಳು. ಆ ದಿನಗಳಲ್ಲಿ ನಾನೂ ನಗುತ್ತಿದ್ದೆ.

ಅರಕಲಗೂಡಿನ ಆಚೆ ಒಂದು ಹಳ್ಳಿ. ಹನ್ನೆರಡು ಮನೆಯವರು ಮಿಡಿಸೌತೆ ಹಾಕಿದ್ದರು, ಹಾಲಿನ ಡೇರಿಯ ಜಗಲಿಯೇ ಕಾಯಿ ತೂಗುವ ಜಾಗ. ಪಟ್ಟಿಯಲ್ಲಿ ಮೊದಲ ಹೆಸರು ದಿಬ್ಬದ ಹೊಲದ ಅಕ್ಕನದು. ಊರಿನವರು ಕರೆಯುತ್ತಿದ್ದುದೇ ಹಾಗೆ. ಗಂಡ ಹೋಗಿ ಬಹಳ ವರ್ಷವಾಗಿತ್ತು. ಮುಕ್ಕಾಲು ಎಕರೆ ದಿಬ್ಬ, ಅಕ್ಕಪಕ್ಕದವರ ಜೊತೆ ಹಂಚಿಕೊಂಡ ಒಂದು ಬೋರು, ಅಷ್ಟರಲ್ಲೇ ಬದುಕು. ಕಾಯಿ ಆರಿಸುವುದರಲ್ಲಿ ಆಕೆಯಷ್ಟು ಚೊಕ್ಕ ಯಾರೂ ಇರಲಿಲ್ಲ. ಆಕೆಯ ಕ್ರೇಟಿನಲ್ಲಿ ಒಂದೇ ಒಂದು ಸೊಟ್ಟ ಕಾಯಿ ಹುಡುಕಿ ತೋರಿಸುತ್ತೇನೆ ಎಂದು ನಾನು ಪಂದ್ಯ ಕಟ್ಟುತ್ತಿದ್ದೆ. ಗೆದ್ದದ್ದು ನೆನಪಿಲ್ಲ.

ಅಂದು ಮಧ್ಯಾಹ್ನ ಮೋಡ ಕಟ್ಟಿತ್ತು. ಜಗಲಿಯಲ್ಲಿ ಕೂತು ನಾನು ಕೇಳಿದೆ, "ಅಕ್ಕಾ, ಇಪ್ಪತ್ತು ವರ್ಷದ ಹಿಂದೆ ನಿಮ್ಮ ಜಮೀನು ಏನಾಗಿತ್ತು?"

"ಅದೇನಾಗಿದ್ದಾತು ಸಾ? ನಮ್ಮತ್ತೆ ಕಾಲ್ದಿಂದ್ಲೂ ಕಾಡಾರಂಬ. ರಾಗಿ, ಅವ್ರೆ, ಉಚ್ಚೆಳ್ಳು. ಮ್ಯಾಲ್ನಿಂದ ಬಿದ್ರೆ ಉಂಟು, ಇಲ್ದಿದ್ರೆ ಇಲ್ಲ. ಬೋರ್ ಆಕ್ಸಿದ್ದು ಮೊನ್ಮೊನ್ನೆ ಕಣ್ ಸಾ."

ಕಾಡಾರಂಭ! ಆ ಮಾತು ಕೇಳಿ ಎಷ್ಟು ವರ್ಷವಾಗಿತ್ತು. ನಮ್ಮಪ್ಪನ ಬಾಯಲ್ಲಿ ಜಮೀನಿಗೆ ಎರಡೇ ಜಾತಿ: ಕೆರೆ ನಾಲೆಯ ನೀರಿನಲ್ಲಿ ಬೆಳೆದರೆ ನೀರಾರಂಭ, ಮಳೆ ನಂಬಿ ಉತ್ತರೆ ಕಾಡಾರಂಭ. ನಮ್ಮ ಕಡೆ ಆರಂಭ ಅಂದರೆ ಬೇಸಾಯ. 'ಅವರದು ದೊಡ್ಡ ಆರಂಭ' ಅಂದರೆ ಹೊಲಗದ್ದೆ ಜಾಸ್ತಿ ಎಂದರ್ಥ. ಈಗ ಎಲ್ಲರೂ ಖುಷ್ಕಿ ಅನ್ನುತ್ತಾರೆ, ಇಲ್ಲ ಡ್ರೈ ಲ್ಯಾಂಡ್ ಅನ್ನುತ್ತಾರೆ. ಬೇರೆ ಹಳ್ಳಿಗಳಲ್ಲಿ ನಾನು 'ಹೊಲ' ಎಂದು ಬರೆದು ಮುಗಿಸುತ್ತಿದ್ದೆ. ಅಂದು ಮಾತ್ರ ಅಪ್ಪನ ಮೇಲಿನ ಪ್ರೀತಿಗೋ, ನನ್ನ ಅಕ್ಷರದ ಮೇಲಿನ ಜಂಬಕ್ಕೋ, ದಪ್ಪಗೆ ಚೆಂದವಾಗಿ 'ಕಾಡಾರಂಭ' ಎಂದು ಬರೆದೆ.

ಅಷ್ಟರಲ್ಲಿ ಹನಿ ಬಿತ್ತು. ಉಳಿದ ಹನ್ನೊಂದು ಮನೆಯವರನ್ನು ನಾನು ಕೇಳಲೇ ಇಲ್ಲ. ಅವರ ಹೊಲಗಳು ನನಗೆ ಗೊತ್ತಿದ್ದವು, ಎಲ್ಲ ಅದೇ ದಿಬ್ಬದ ಸಾಲು. ಆಕೆಯ ಹೆಸರಿನ ಕೆಳಗೆ, ಮೇಲಿನದೇ ಎನ್ನುವುದಕ್ಕೆ ನಾವು ಹಾಕುವ ಎರಡು ಗೀಟು ಇದೆಯಲ್ಲ, ಅದನ್ನು ಹನ್ನೊಂದು ಸಲ ಎಳೆದೆ. ಪುಟದ ಫೋಟೋ ಹೊಡೆದು ಆಫೀಸಿಗೆ ಕಳಿಸಿ, ರೇನ್‌ಕೋಟ್ ಹಾಕಿಕೊಂಡು ಹೊರಟೆ.

ಅದೇ ವಾರ, ಆ ಹನ್ನೆರಡರಲ್ಲಿ ಸೇರದೆ ಬೇರೆ ಪಟ್ಟಿಯಲ್ಲಿದ್ದ ಆ ಊರಿನ ಯಜಮಾನರ ಮನೆಗೂ ಹೋಗಿದ್ದೆ. ತಲೆತಲಾಂತರದಿಂದ ದೊಡ್ಡ ಆರಂಭದ ಮನೆ ಅದು, ಈಗ ಗೊಬ್ಬರದ ಅಂಗಡಿಯೂ ಇದೆ. ಅವರು ಊರ ಗೋಮಾಳದ ಪಕ್ಕದ ಹತ್ತೆಕರೆಯಲ್ಲಿ ಮೊದಲು ಶುಂಠಿ ತೆಗೆದು ಆಮೇಲೆ ಮಿಡಿಸೌತೆ ಹಾಕಿದ್ದರು. ಆ ಹತ್ತೆಕರೆ ನನಗೆ ಚೆನ್ನಾಗಿ ಗೊತ್ತು. ಈ ಕೆಲಸಕ್ಕೆ ಸೇರುವ ಮೊದಲು ಬೀಜದ ಕಂಪನಿಯೊಂದಕ್ಕಾಗಿ ಅಲೆಯುತ್ತಿದ್ದ ಕಾಲಕ್ಕೆ ಅಲ್ಲಿ ಹೊಂಗೆ, ಹಿಪ್ಪೆ, ಬೇವು ತುಂಬಿ ಮಧ್ಯಾಹ್ನವೂ ತಂಪು. ಬೈಕ್ ನಿಲ್ಲಿಸಿ ಬುತ್ತಿ ಉಂಡು ಮಲಗುತ್ತಿದ್ದೆ. ಇಪ್ಪತ್ತು ವರ್ಷದ ಹಿಂದೆ ಏನಿತ್ತು ಎಂದು ಅವರನ್ನು ಕೇಳಿದಾಗ ಅವರು ಪೇಪರಿನಿಂದ ತಲೆಯೆತ್ತಲಿಲ್ಲ.

"ಹೊಲ ಕಣಯ್ಯ. ನಮ್ಮಜ್ಜನ ಕಾಲ್ದಿಂದ ಹೊಲ. ಬರ್ಕೊ."

ಬರೆದುಕೊಂಡೆ. ಅಲ್ಲಿ ಮಲಗಿ ಎದ್ದವನು ನಾನೇ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಕಾಫಿ ಕುಡಿದು ಬಂದೆ.

ಎರಡು ತಿಂಗಳಾದ ಮೇಲೆ, ಬಳ್ಳಿ ಕಾಯಿಗೆ ಬಂದ ಹತ್ತನೇ ದಿನಕ್ಕೆ, ಆಫೀಸಿನಿಂದ ಕರೆ ಬಂತು. ಆ ಹಳ್ಳಿಯ ಹನ್ನೆರಡು ಮನೆಯೂ ಕೆಂಪು ಪಟ್ಟಿಯಲ್ಲಿವೆ, ನಾಳೆಯಿಂದ ಆ ಮನೆಗಳ ಕಾಯಿ ಎತ್ತುವುದಿಲ್ಲ. ನಾನು ಗಾಬರಿಯಿಂದ ಹಾಸನಕ್ಕೆ ಓಡಿದೆ. ಲೆಕ್ಕ ತುಂಬುತ್ತಿದ್ದುದು ಹುಬ್ಬಳ್ಳಿ ಕಡೆಯ ಒಬ್ಬ ಹೆಣ್ಣುಮಗಳು, ಕೆಲಸದಲ್ಲಿ ಬಹಳ ಅಚ್ಚುಕಟ್ಟು. ಕಂಪ್ಯೂಟರಿನಲ್ಲಿ ನನ್ನದೇ ಪುಟ ತೆಗೆದು ತೋರಿಸಿದಳು.

"ಇಲ್ಲೇ ಐತಲ್ರಿ ಸರ್, ನಿಮ್ಮ ಕೈಯಾಗಿನ ಬರಹ. ಕಾಡು ಆರಂಭ. ಆರಂಭಕ್ಕ ಕಾಡಿತ್ತು ಅಂತ ತಿಳ್ಕೊಂಡು 'ಕಾಡು' ಒತ್ತೀನಿ. ಕೆಳಗ ಎಲ್ಲಾರಿಗೂ ಅದ ಐತಿ."

ಆ ಮಾತಿನ ಅರ್ಥ ಏನೆಂದು ವಿವರಿಸಿದೆ. ಆಕೆಯ ಮುಖ ಸಪ್ಪಗಾಯಿತು. "ನಮ್ಮ ಕಡೆ ಈ ಶಬ್ದಾನ ಇಲ್ರಿ ಸರ್. ಒಣ ಬೇಸಾಯ ಅಂತೀವಿ. ಒಂದ್ಸಲ ಫೋನ್ ಮಾಡಿ ಕೇಳಬೇಕಿತ್ತು ನಾನು. ತಪ್ಪಾತ್ರಿ." ತಿದ್ದು ಎಂದೆ. ತಿದ್ದಲು ಬರುವುದಿಲ್ಲ, ವರದಿ ಹೊರದೇಶಕ್ಕೆ ಹೋಗಿ ಬೀಗ ಬಿದ್ದಿದೆ, ಇನ್ನು ದಾಖಲೆ ಸಮೇತ ಅರ್ಜಿ ಹಾಕಬೇಕು ಎಂದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಎತ್ತು ಈಯಿತು ಎಂದು ಬರೆದವನು ನಾನು, ಕಟ್ಟಿದವರನ್ನು ಬೈದು ಏನು ಪ್ರಯೋಜನ?

ಮಾರನೇ ಬೆಳಗ್ಗೆ ನಡೆದದ್ದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಡೇರಿ ಜಗಲಿಯಲ್ಲಿ ಕ್ರೇಟುಗಳು ಸಾಲಾಗಿ ಇದ್ದವು, ಕಾಯಿಯ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಲಾರಿ ಬರಲಿಲ್ಲ, ಮ್ಯಾನೇಜರ ಕಾರು ಬಂತು. ಜೊತೆಗೆ ನಾನು. ನಿಮ್ಮ ಹೊಲಗಳು ಕಾಡು ಕಡಿದು ಮಾಡಿದ್ದು ಎಂದು ವರದಿ ಬಂದಿದೆ, ಇನ್ನು ಕಾಯಿ ಬೇಡ ಎಂದು ಮ್ಯಾನೇಜರು ಎರಡೇ ಮಾತಿನಲ್ಲಿ ಮುಗಿಸಿದರು.

"ಕಾಡಾ? ಯಾವನ್ಲಾ ಅಂಗ್ ಯೋಳ್ದೋನು?" ಎಂದು ಒಬ್ಬ ಮುನ್ನುಗ್ಗಿದ.

ಮ್ಯಾನೇಜರು ಪಟ್ಟಿ ತಿರುವಿ ಮೊದಲ ಹೆಸರು ಓದಿದರು. "ಸರ್ವೆಯಲ್ಲಿ ಮೊದಲು ಹೇಳಿರೋದು ಇವರು."

ಎಲ್ಲರೂ ದಿಬ್ಬದ ಹೊಲದ ಅಕ್ಕನ ಕಡೆ ತಿರುಗಿದರು. ಆಕೆ ನನ್ನ ಕಡೆ ನೋಡಿದಳು. ಉಳಿದವರನ್ನು ನಾನು ಕೇಳಲೇ ಇಲ್ಲ, ಆಕೆ ಹೇಳಿದ್ದು ಸರಿಯಾಗಿಯೇ ಇತ್ತು, ಗೀಟು ಎಳೆದವನು ನಾನು. ಇಷ್ಟು ಹೇಳಲು ಒಂದು ನಿಮಿಷ ಸಾಕಿತ್ತು. ಪಕ್ಕದಲ್ಲಿ ಮ್ಯಾನೇಜರು ನಿಂತಿದ್ದರು. ಮನೆಯವರನ್ನು ಕೇಳದೆ ಫಾರಂ ತುಂಬಿದ್ದು ಗೊತ್ತಾದರೆ ಸಾಯಂಕಾಲಕ್ಕೆ ಕೆಲಸ ಹೋಗುತ್ತಿತ್ತು. ನಾನು ತಲೆ ತಗ್ಗಿಸಿ ಮೊಬೈಲ್ ನೋಡಿದೆ. ಅದರಲ್ಲಿ ನೋಡಲು ಏನೂ ಇರಲಿಲ್ಲ.

"ನಾನು ಕಾಡಾರಂಬ ಅಂದೆ ಕಣ್ರಪ್ಪಾ, ಕಾಡು ಅನ್ನಿಲ್ಲ" ಎಂದು ಆಕೆ ಹೇಳುತ್ತಿದ್ದಳು. ಗಲಾಟೆಯಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ. ಕಾರು ಹೊರಟಿತು, ನಾನು ಅದರೊಳಗೆ ಕೂತಿದ್ದೆ.

ಮೂರು ದಿನ ಬಿಟ್ಟು ಹೋದೆ. ಆಕೆ ಬಳ್ಳಿಗಳ ನಡುವೆ ಕೂತಿದ್ದಳು. ಕಾಯಿಗಳು ಆಗಲೇ ಮಣಿಕಟ್ಟಿನಷ್ಟು ದಪ್ಪವಾಗಿದ್ದವು. ಯಾರೋ ಹುಳಿ ಮಾಡಿ ನೋಡಿದರಂತೆ, ಹುಳಿಗೂ ಬರಲಿಲ್ಲ, ಪಲ್ಯಕ್ಕೂ ಬರಲಿಲ್ಲ. ಬದುವಿನ ಮೇಲೆ ಕೂತು ನಾನು ಎಲ್ಲವನ್ನೂ ಹೇಳಿದೆ. ನೋಟ್‌ಬುಕ್ ತೆರೆದು ಪುಟ ತೋರಿಸಿದೆ. ಆಕೆಗೆ ಓದು ಬರುವುದಿಲ್ಲ. ಬೆರಳಿಟ್ಟು ಒಂದೊಂದೇ ಗೀಟು ಎಣಿಸಿದಳು.

"ಇದ್ಯಾನ್ ಸಾ, ಕಾಗೆ ಕಾಲಿದ್ದಂಗದೆ?"

"ಮೇಲಿನದೇ ಅಂತ ಅರ್ಥ ಅಕ್ಕ."

"ಎಲ್ಡ್ ಗೀಟ್ಗೆ ಅನ್ನೊಂದ್ ಮನೆ ಓಯ್ತಾ?"

ನಾನು ತಿದ್ದಿಸುತ್ತೇನೆ ಅಂದೆ, ಅರ್ಜಿ ಹಾಕುತ್ತೇನೆ ಅಂದೆ. ಆಕೆಗೆ ಬೇಕಾಗಿದ್ದು ಅದಲ್ಲ. "ಕಾಯಿ ಓದ್ರೆ ಓಗ್ಲಿ ಸಾ. ನೀವು ಬಂದು ಊರೋರ್ ಮುಂದೆ ಒಂದ್ಮಾತ್ ಯೋಳ್ಬುಡಿ, ಅವ್ಳಂದಿದ್ದಲ್ಲ, ನಾನ್ ಬರ್ಕೊಂಡಿದ್ದು ಅಂತ. ನನ್ನ ಮುಯ್ಯಿಗೆ ಯಾರೂ ಬತ್ತಾ ಇಲ್ಲ."

ಮುಯ್ಯಿ ಅಂದರೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ ಆಳಾಗಿ ಹೋಗುವುದು. ಇವತ್ತು ನಿನ್ನ ಕಳೆ, ನಾಳೆ ನನ್ನದು. ಒಂಟಿ ಹೆಂಗಸಿನ ಬೇಸಾಯ ನಡೆಯುವುದೇ ಅದರ ಮೇಲೆ. ಮೂವತ್ತು ವರ್ಷ ಆಕೆ ಎಲ್ಲರ ಹೊಲದಲ್ಲೂ ಬೆನ್ನು ಬಗ್ಗಿಸಿದ್ದಳು. ಈಗ ಆಕೆ ಹೋದರೆ 'ಬ್ಯಾಡ, ನಾವೇ ಮಾಡ್ಕತೀವಿ' ಅನ್ನುತ್ತಿದ್ದರಂತೆ. ಬಾಗಿಲಿಗೆ ಬಂದು ಬೈದಿದ್ದರೂ ಅದಕ್ಕಿಂತ ವಾಸಿಯಿತ್ತು.

ನಾಳೆಯೇ ಬರುತ್ತೇನೆ ಎಂದೆ. ನಾಳೆ ಹಾಸನದಲ್ಲಿ ಮೀಟಿಂಗ್ ಇತ್ತು. ನಾಡಿದ್ದು ಚನ್ನರಾಯಪಟ್ಟಣ. ಅದರ ಮರುದಿನ ಏನಿತ್ತು ಎಂದು ನೆನಪಿಲ್ಲ, ಏನೂ ಇರಲಿಲ್ಲ ಅಂತ ಕಾಣುತ್ತದೆ. ಆ ಹಳ್ಳಿಗೆ ತಿರುಗುವ ರಸ್ತೆ ಬಂದಾಗಲೆಲ್ಲ ಬೈಕು ನೇರ ಹೋಗುತ್ತಿತ್ತು. ಬೈಕಿನ ಮೇಲೆ ಯಾಕೆ ತಪ್ಪು ಹಾಕಲಿ, ಓಡಿಸುತ್ತಿದ್ದವನು ನಾನು.

ಊರಿಗೆ ಹೋಗದಿದ್ದರೂ ಅರ್ಜಿಯ ಹಿಂದೆ ಮಾತ್ರ ಬಿದ್ದೆ. ಹಾಗೆ ಮಾಡಿದರೆ ಇನ್ನೊಂದಕ್ಕೆ ಮಾಫಿ ಸಿಗುತ್ತದೆ ಅನ್ನುವ ಹಾಗೆ. ಆಕೆಯನ್ನು ಅರಕಲಗೂಡಿಗೆ ಕರೆಸಿಕೊಂಡು ಇಪ್ಪತ್ತು ವರ್ಷದ ಹಿಂದಿನ ಪಹಣಿ ತೆಗೆಸಿದೆ. ಉಳಿದ ಹನ್ನೊಂದೂ 'ಮೇಲಿನದೇ' ಆದ್ದರಿಂದ ಮೊದಲ ಹೆಸರಿನ ದಾಖಲೆಯನ್ನೇ ಆಫೀಸು ಕೇಳಿತ್ತು. ಆಕೆ ಸ್ಟ್ಯಾಂಡಿನಲ್ಲಿ ಬಸ್ಸಿಳಿದು ಸುಮ್ಮನೆ ನನ್ನ ಹಿಂದೆ ಬಂದಳು, ಊರಿಗೆ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಪಹಣಿಯಲ್ಲಿ ರಾಗಿ ಎಂದೋ ಅವರೆ ಎಂದೋ ಇದ್ದರೆ ಕಾಡಲ್ಲ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಬೆಳೆಯ ಕಾಲಂನಲ್ಲಿ 'ಬೀಳು' ಎಂದಿತ್ತು.

"ಯಾಕಕ್ಕಾ ಆ ವರ್ಷ ಬಿತ್ತಲಿಲ್ಲ?"

ಆಕೆ ಬೆರಳು ಮಡಿಸಿ ಲೆಕ್ಕ ಹಾಕಿದಳು. "ಆ ವರ್ಸ ನಮ್ಮತ್ತೆ ಆಸ್ಗೆ ಇಡುದ್ಬುಟ್ರು ಸಾ. ಮಳೆ ಬಂದಾಗ ನಾವು ಆಸ್ಪತ್ರೇಲಿದ್ದೊ. ಅದೊಂದೇ ವರ್ಸ."

ಅದೊಂದೇ ವರ್ಷವನ್ನೇ ಆ ಫಾರಂ ಕೇಳುತ್ತಿತ್ತು. ಪಹಣಿಯನ್ನೂ, ನಾನು ಬರೆದ ಮೂರು ಪುಟದ ವಿವರಣೆಯನ್ನೂ ಹುಬ್ಬಳ್ಳಿಯ ಹೆಣ್ಣುಮಗಳು ಇಂಗ್ಲಿಷ್ ಮಾಡಿ ಕಳಿಸಿದಳು. ಆಕೆ ಎರಡು ಸಲ ನೆನಪೋಲೆಯನ್ನೂ ಹಾಕಿದಳು, ಅಷ್ಟು ನನಗೆ ಗೊತ್ತು. ಉತ್ತರ ಬಂದಾಗ ಬಳ್ಳಿಗಳು ಒಣಗಿ, ಕಟ್ಟಿದ ದಾರ ಗಾಳಿಗೆ ಹಾರುತ್ತಿತ್ತು. ಬೀಳು ನೆಲದಲ್ಲಿ ಮರಗಳಿರಲಿಲ್ಲ ಎಂಬುದಕ್ಕೆ ಆಧಾರವಿಲ್ಲ, ಮುಂದಿನ ವರದಿಯಲ್ಲಿ ಪರಿಶೀಲಿಸಲಾಗುವುದು ಎಂದಿತ್ತು. ಅದರ ಜೊತೆಗೇ ಇನ್ನೊಂದು ಪಟ್ಟಿ: ಮಾದರಿ ರೈತರು. ಯಜಮಾನರ ಹೆಸರು ಅದರಲ್ಲಿತ್ತು.

ಆಮೇಲೆ ನಾನು ಊರಿಗೆ ಹೋದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಬೆಳಗ್ಗೆ ಹಾಲು ಹಾಕಲು ಎಲ್ಲರೂ ಡೇರಿಗೆ ಬಂದಿದ್ದ ಹೊತ್ತಿನಲ್ಲಿ ಜಗಲಿಯ ಮೇಲೆ ನಿಂತು, ನೋಟ್‌ಬುಕ್ ಎತ್ತಿ ಹಿಡಿದು, ತಪ್ಪು ನನ್ನದು, ಆಕೆಯದಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಬೈಯುತ್ತಾರೆ, ಹೊಡೆಯಲೂಬಹುದು ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಎಲ್ಲರೂ ಹಾಲು ಹಾಕುತ್ತಲೇ ಕೇಳಿಸಿಕೊಂಡರು. ಕೊನೆಗೆ ಅಂದು ಮುನ್ನುಗ್ಗಿದ್ದವನೇ ಬಂದು ನನ್ನ ಭುಜ ತಟ್ಟಿದ.

"ನೀವ್ ಒಳ್ಳೇವ್ರು ಬುಡಿ ಸಾ. ಅವ್ಳ್ನ ಉಳ್ಸಕ್ಕೆ ನಿಮ್ ತಲೆ ಮ್ಯಾಲ್ ಆಕ್ಕೊತಾ ಇದೀರಿ. ನಿಮ್ದಾಗಿದ್ರೆ ಅವತ್ತೇ ಯೋಳ್ತಿರ್ನಿಲ್ವಾ?"

ನಾನು ಹೇಳಿದ್ದು ಪೂರ್ತಿ ನಿಜ, ಅವನು ಕೇಳಿದ್ದೂ ನ್ಯಾಯವಾದ ಪ್ರಶ್ನೆ. ದಿಬ್ಬದ ಹೊಲದ ಅಕ್ಕ ಹಾಲಿನ ಕ್ಯಾನ್ ಹಿಡಿದು ಸಾಲಿನ ಕೊನೆಯಲ್ಲಿ ನಿಂತಿದ್ದಳು. ಆಕೆಗೂ ಮುಂದಿನವರಿಗೂ ನಡುವೆ ಒಂದು ಮಾರು ಜಾಗ ಬಿಟ್ಟಿದ್ದರು. ಆಕೆ ನನ್ನನ್ನು ನೋಡಲಿಲ್ಲ.

ಮುಂದಿನ ಹಂಗಾಮಿಗೆ ನಾನು ಮತ್ತೆ ಸರ್ವೆಗೆ ಹೋದೆ. ಕೆಲಸ ಬಿಡಲಿಲ್ಲ, ಬಿಡಬೇಕು ಎಂದು ಅಂದುಕೊಂಡಿದ್ದು ಮಾತ್ರ ನಿಜ. ಯಜಮಾನರ ಮಿಡಿಸೌತೆ ಆ ವರ್ಷ ಹೆಚ್ಚಾಗಿತ್ತು. ಅವರ ಪಟ್ಟಿಯಲ್ಲಿ ಹೊಸದಾಗಿ ಸೇರಿದ ಒಂದು ತುಂಡಿನ ಸುತ್ತ ನಡೆದು ಅಳತೆ ಹಿಡಿಯಬೇಕಿತ್ತು. ಹೋಗಿ ನೋಡಿದರೆ ದಿಬ್ಬದ ಹೊಲ. ಮುಯ್ಯಾಳು ಬರದೆ ಬೇಸಾಯ ಸಾಗದೆ, ಆಕೆ ಅದನ್ನು ಅವರಿಗೆ ಗುತ್ತಿಗೆಗೆ ಕೊಟ್ಟಿದ್ದಳು. ಕಂಪನಿಯ ಲೆಕ್ಕದಲ್ಲಿ ಕೆಂಪಾಗಿದ್ದುದು ಆಕೆಯ ಹೆಸರು. ನೆಲ ಯಜಮಾನರ ಹೆಸರಿನ ಕೆಳಗೆ ಬಂದ ಕೂಡಲೇ ಅದರ ಕಾಯಿಗೆ ಯಾವ ತಕರಾರೂ ಇರಲಿಲ್ಲ.

ಆಕೆ ಅದೇ ಹೊಲದಲ್ಲಿ ಕೂಲಿಗೆ ಕಾಯಿ ಕೀಳುತ್ತಿದ್ದಳು. ಬೆರಳು ಮೊದಲಿನಷ್ಟೇ ಚುರುಕು. ನನ್ನನ್ನು ನೋಡಿ ಎದ್ದು ನಿಂತಳು. ನಾನು ಬದುವಿನ ಮೇಲೆ ಕೂತು ಪುಟ ತೆರೆದೆ. ಯಜಮಾನರ ತುಂಡುಗಳು ಒಂದರ ಕೆಳಗೊಂದು ಇದ್ದವು, ಹೊಂಗೆ ಹಿಪ್ಪೆಯಿದ್ದ ಆ ಹತ್ತೆಕರೆಯ ಎದುರಿಗೂ ನನ್ನ ಚೆಂದದ ಅಕ್ಷರದಲ್ಲಿ 'ಹೊಲ' ಎಂದಿತ್ತು. ಕೊನೆಯ ಸಾಲು ಖಾಲಿ. ಈ ಸಲ ಸರಿಯಾಗಿ, ಯಾರಿಗೂ ಅನುಮಾನ ಬಾರದಂತೆ ಬಿಡಿಸಿ ಬರೆಯುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ ಹೋಗಿದ್ದೆ. ಮಳೆಯಾಶ್ರಿತ ಬೇಸಾಯ, ರಾಗಿ, ಅವರೆ, ಹುಚ್ಚೆಳ್ಳು, ಬೇಕಾದರೆ ಆಕೆಯ ಅತ್ತೆಯ ಆಸ್ಪತ್ರೆಯ ಸಮೇತ.

"ಅಕ್ಕಾ, ಈ ಜಮೀನು ಇಪ್ಪತ್ತು ವರ್ಷದ ಹಿಂದೆ..." ಎಂದು ಶುರು ಮಾಡಿದೆ.

ಆಕೆಯ ಮುಖ ಬಿಳಿಚಿಕೊಂಡಿತು. ಕೈಯಲ್ಲಿದ್ದ ಕಾಯಿಗಳನ್ನು ಕ್ರೇಟಿಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದಳು.

"ನನ್ನ ಕೇಳ್ಬ್ಯಾಡಿ ಸಾ. ನಂಗೇನೂ ಗೊತ್ತಿಲ್ಲ. ಇರೋ ಕೂಲಿನೂ ಓಗ್ಬುಡ್ತದೆ." ಆಮೇಲೆ ಬಗ್ಗಿ ನೋಟ್‌ಬುಕ್ಕಿನ ಖಾಲಿ ಜಾಗದ ಮೇಲೆ ಬೆರಳಿಟ್ಟಳು. "ಮ್ಯಾಲ್ ಏನ್ ಬರ್ದಿದ್ದೀರೋ ಅದ್ನೇ ಅಂದ್ಕಳಿ. ಎಲ್ಡ್ ಗೀಟ್ ಎಳುದ್ಬುಡಿ ಸಾ, ಸಾಕು."

ನಾನು ಎರಡು ಗೀಟು ಎಳೆದೆ. ಆಕೆ ಅದನ್ನು ನೋಡಿ, ಸರಿಯಾಗಿದೆ ಎನ್ನುವಂತೆ ತಲೆಯಾಡಿಸಿ, ಕಾಯಿ ಕೀಳಲು ಹೋದಳು.